ಸೈನ್ಯದ ಸಾಲ ಹೊತ್ತ ದಿವಾನ

ಉಮರ್ಗಾ, ನಿಲಂಗಾ, ಉದಗೀರ ಎಂದರೆ ನಮ್ಮ ಕಾಸರಗೋಡಿನವರಿಗೆ ದೂರದ ಹೆಸರುಗಳು. ಆದರೆ 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಾಗಲೇ ಆ ತಾಲೂಕುಗಳ ಕನ್ನಡಿಗರು ಮುಂಬಯಿ ರಾಜ್ಯಕ್ಕೆ ಸೇರಿದರು, 1960ರಿಂದ ಮಹಾರಾಷ್ಟ್ರದವರಾದರು. ಅದಕ್ಕೂ ಹಿಂದೆ ಅವರದು ನಿಜಾಮರ ಹೈದರಾಬಾದ್ ಸಂಸ್ಥಾನ. ಸೈನ್ಯಕ್ಕೆಷ್ಟು ಖರ್ಚು, ಸರಕಾರದ ಸಾಲ ಎಲ್ಲಿಯವರೆಗೆ ಎಂಬ ಚರ್ಚೆ ಇಂದೂ ಪ್ರತಿ ಬಜೆಟ್ಟಿನಲ್ಲಿ ಏಳುತ್ತದೆ. ದಂಡಿನ ಸಾಲಕ್ಕಾಗಿ ನೆಲವನ್ನೇ ಬಿಟ್ಟುಕೊಟ್ಟ ಆ ಸಂಸ್ಥಾನದ ಲೆಕ್ಕವನ್ನು 30 ವರ್ಷ ಹೊತ್ತವರು ದಿವಾನ ಸಾಲಾರ್ ಜಂಗ್.

ಅವರ ಹೆಸರು ಮೀರ್ ತುರಾಬ್ ಅಲಿ ಖಾನ್. ಹುಟ್ಟಿದ್ದು 1829ರಲ್ಲಿ. ಹಿರಿಯರು ಹಿಂದೆ ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿದ್ದವರು. 1853ರ ಮೇ ತಿಂಗಳಲ್ಲಿ, ದಿವಾನರಾಗಿದ್ದ ತಂದೆಯ ಸಹೋದರ ಸಿರಾಜ್-ಉಲ್-ಮುಲ್ಕ್ ತೀರಿಕೊಂಡಾಗ, 24ರ ಹರೆಯದಲ್ಲಿ ಆ ಪದವಿ ಅವರ ಪಾಲಿಗೆ ಬಂತು.

ಬಂದದ್ದು ಪದವಿ ಮಾತ್ರವಲ್ಲ. ಕೆಲವೇ ದಿನಗಳ ಹಿಂದೆ ಕಂಪೆನಿ ಸರಕಾರ ಒಂದು ಒಪ್ಪಂದಕ್ಕೆ ರುಜು ಹಾಕಿಸಿಕೊಂಡಿತ್ತು. ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ವೆಚ್ಚಕ್ಕಾಗಿ ಬೇರಾರ್, ರಾಯಚೂರು ದೋಆಬ್ ಮತ್ತು ಉಮರ್ಗಾದ ನೆರೆಯ ನಳದುರ್ಗ ಸೀಮೆ ಕಂಪೆನಿಯ ವಶವಾದವು. ಈ ದಂಡಿನ ಕತೆಯೇ ವಿಚಿತ್ರ. 1800ರ ಒಪ್ಪಂದದಂತೆ ನಿಜಾಮರು ಸೈನ್ಯ ಒದಗಿಸಬೇಕಾದದ್ದು ಯುದ್ಧ ಬಂದಾಗ. ಕಂಪೆನಿ ಅದನ್ನು ಶಾಂತಿಕಾಲದಲ್ಲಿಯೂ ಇರಿಸಿತು. ಅಧಿಕಾರಿಗಳು ಬ್ರಿಟಿಷರು, ಹಿಡಿತ ರೆಸಿಡೆಂಟರದು, ಸಂಬಳ ಮಾತ್ರ ನಿಜಾಮರದು. ಖಜಾನೆ ಬರಿದಾದಾಗ ಕಂಪೆನಿಯೇ ಸಂಬಳ ಕೊಟ್ಟು ಬಡ್ಡಿ ಸಹಿತ ಸಾಲವೆಂದು ಬರೆದುಕೊಂಡಿತು. ತಾನು ಕರೆಯದ ನೆಂಟನ ಊಟದ ಖರ್ಚನ್ನು ನೆಂಟನಿಂದಲೇ ಸಾಲ ಪಡೆದು ಕೊಟ್ಟಂತಾಯಿತು ಇದು!

ಸಾಲಾರ್ ಜಂಗರು ಮೊದಲು ಕೈ ಹಚ್ಚಿದ್ದು ಮನೆಯೊಳಗಿನ ಲೆಕ್ಕಕ್ಕೆ. ಅರಬ್ ಮುಖ್ಯಸ್ಥರಿಗೂ ಸಾಹುಕಾರರಿಗೂ ಒತ್ತೆ ಬಿದ್ದಿದ್ದ ತಾಲೂಕುಗಳನ್ನು ಬಿಡಿಸಿದರು. ಕಂದಾಯವನ್ನು ಗುತ್ತಿಗೆ ಕೊಡುವ ಪದ್ಧತಿ ತೆಗೆದು ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಧಾನ್ಯದ ಪಾಲಿನ ಬದಲು ನಗದು ಕಂದಾಯ ತಂದರು. 1865ರಲ್ಲಿ ಜಿಲ್ಲೆಗಳ ಹೊಸ ವ್ಯವಸ್ಥೆಯಾಯಿತು. ಯಜಮಾನನಿಗೆ ತನ್ನ ಆದಾಯವೆಷ್ಟೆಂದು ಗೊತ್ತಿಲ್ಲದ ಮನೆಯಲ್ಲಿ ಸಾಲದ ಮಾತು ಎತ್ತುವುದಾದರೂ ಹೇಗೆ?

1857ರ ದಂಗೆಯಲ್ಲಿ ಅವರು ಬ್ರಿಟಿಷರ ಪಕ್ಷ ಬಿಡಲಿಲ್ಲ. ಮರುವರ್ಷ ಸುರಪುರದ ದೊರೆ ವೆಂಕಟಪ್ಪನಾಯಕರು ಹೈದರಾಬಾದಿನಲ್ಲಿ ಸೆರೆಸಿಕ್ಕಾಗ ಅವರನ್ನು ರೆಸಿಡೆಂಟರಿಗೆ ಒಪ್ಪಿಸಿದ್ದೂ ಇದೇ ದಿವಾನರು. ಕನ್ನಡಿಗರಾದ ನಾವು ಇದನ್ನು ಸುಲಭವಾಗಿ ಮರೆಯಲಾರೆವು. 1860ರಲ್ಲಿ ಆ ನಿಷ್ಠೆಗೆ ಪ್ರತಿಫಲವಾಗಿ ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು, ನಳದುರ್ಗ ಮರಳಿದವು, ಸುರಪುರವೂ ನಿಜಾಮರಿಗೆ ಸೇರಿತು. ಬೇರಾರ್ ಮಾತ್ರ ಬರಲಿಲ್ಲ. ಅಲ್ಲಿನ ಆದಾಯ ವೆಚ್ಚದ ಲೆಕ್ಕ ಕೇಳುವ ಹಕ್ಕನ್ನೂ ಅದೇ ಒಪ್ಪಂದ ಕಿತ್ತುಕೊಂಡಿತು.

ಸಾಲವಿಲ್ಲದ ಮೇಲೆ ಒತ್ತೆ ಏಕೆ? 1870ರ ದಶಕದಲ್ಲಿ ದಿವಾನರು ಕೇಳಿದ್ದು ಇಷ್ಟೇ. ದಂಡಿನ ಖರ್ಚಿಗೆ ಬಡ್ಡಿ ಸಾಕಾಗುವಷ್ಟು ದೊಡ್ಡ ಮೊತ್ತವನ್ನು ಠೇವಣಿ ಇಡುತ್ತೇವೆ, ನೆಲ ಹಿಂದಿರುಗಿಸಿ ಎಂದು ವಿನಂತಿಸಿದರು. ಸರಕಾರ ಒಪ್ಪಲಿಲ್ಲ. 1876ರಲ್ಲಿ ಇಂಗ್ಲೆಂಡಿಗೇ ಹೋದರು. ಆಕ್ಸ್‌ಫರ್ಡಿನ ಗೌರವ ಪದವಿ ದೊರೆಯಿತು, ಸನ್ಮಾನಗಳಾದವು; ಬೇರಾರ್ ಸಿಗಲಿಲ್ಲ.

1883ರ ಫೆಬ್ರವರಿ 8ರಂದು ಕಾಲರಾ ತಗಲಿ ಅವರು ತೀರಿಕೊಂಡರು. 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಬೇರಾರ್ ಬ್ರಿಟಿಷರಿಗೆ ಕಾಯಂ ಗುತ್ತಿಗೆಯಾಯಿತು. ಯಾವ ದಂಡಿಗಾಗಿ ಅದನ್ನು ಹಿಡಿದಿಟ್ಟಿದ್ದರೋ ಆ ಕಂಟಿಂಜೆಂಟನ್ನು ಮರುವರ್ಷವೇ ಭಾರತೀಯ ಸೇನೆಯಲ್ಲಿ ವಿಲೀನಗೊಳಿಸಿದರು.