ನೌಕಾಪಡೆಯ ನಡುವೆ ನುಗ್ಗಿದ ದೋಣಿ

ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮಲ್ಪೆಗೆ ಹೋದರೆ ದಡಕ್ಕೆಳೆದ ಬೋಟುಗಳ ಹೊಟ್ಟೆ ನೋಡಬಹುದು. ಒಮ್ಮೆ ಹಾಗೆ ನೋಡ್ತಾ ನಿಂತಿದ್ದಾಗ, ಒಂದು ಬೋಟಿನ ಫ್ಯಾನಿನ ರೆಕ್ಕೆಗಳ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು ಕಂಡವು. ತುಕ್ಕಿರಬೇಕು ಅಂದುಕೊಂಡೆ. ರಿಪೇರಿ ಮಾಡ್ತಿದ್ದ ಅಣ್ಣ ತಲೆಯಾಡಿಸಿ, ಅದು ಗುಳ್ಳೆಗಳ ಕೆಲಸ ಅಂದರು. ನೀರಿನ ಗುಳ್ಳೆ ಲೋಹ ತಿನ್ನುತ್ತಾ? ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಚಾರ್ಲ್ಸ್ ಪಾರ್ಸನ್ಸ್.

ರಾಯಚೂರಿನ ಥರ್ಮಲ್ ಸ್ಥಾವರದಲ್ಲಿ ಇವತ್ತು ಉಗಿಗೆ ತಿರುಗುವ ಟರ್ಬೈನಿನ ಮೂಲ ಕಲ್ಪನೆ ಈತನದು. ಆದರೆ ಇಂಗ್ಲೆಂಡಿನಲ್ಲಿ ಆತನ ಬಗ್ಗೆ ಹೆಚ್ಚಾಗಿ ಹೇಳೋದು ಒಂದು ದೋಣಿಯ ಕಥೆ: ವ್ಯವಸ್ಥೆಗೆ ಸಡ್ಡು ಹೊಡೆದ ಬಂಡಾಯಗಾರ, ಕರೆಯದೆ ಬಂದು ಗೆದ್ದವನು. ನನಗೂ ಆ ಕಥೆ ಇಷ್ಟವಾಗಿತ್ತು. ಈಗ ಅರ್ಧ ಮಾತ್ರ ನಂಬುತ್ತೇನೆ.

ಯಾಕೆಂದರೆ ಆತ ಬಡವನಲ್ಲ. 1854ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಐರ್ಲೆಂಡಿನ ಬರ್ ಕೋಟೆಯಲ್ಲಿ ಬೆಳೆದವನು. ಅಪ್ಪ ರಾಸ್‌ನ ಅರ್ಲ್, ಮನೆಯಂಗಳದಲ್ಲೇ 72 ಇಂಚು ಅಗಲದ ಕನ್ನಡಿಯ ದೂರದರ್ಶಕ ಕಟ್ಟಿದ ಮನುಷ್ಯ. ಹುಡುಗರಿಗೆ ಆಟಕ್ಕೆ ಕುಲುಮೆ, ಲೇತು. 1869ರಲ್ಲಿ ಆ ಮನೆಯ ಹುಡುಗರು ಕಟ್ಟಿದ್ದ ಉಗಿಬಂಡಿಯಿಂದ ಅಪ್ಪನ ಸೋದರಸಂಬಂಧಿ ಮೇರಿ ವಾರ್ಡ್ ಕೆಳಕ್ಕೆ ಬಿದ್ದು, ಚಕ್ರದಡಿ ಸಿಕ್ಕಿ ಸತ್ತಳು. ಸೂಕ್ಷ್ಮದರ್ಶಕದ ಬಗ್ಗೆ ಪುಸ್ತಕ ಬರೆದಿದ್ದ ವಿಜ್ಞಾನಿ ಆಕೆ. ಇಂಥ ವಾಹನದಿಂದ ಸತ್ತ ಮೊದಲಿಗಳು ಅಂತ ದಾಖಲೆಗಳು ಹೇಳೋದು ಆಕೆಯನ್ನೇ. ಚಾರ್ಲ್ಸ್‌ಗೆ ಆಗ 15 ವರ್ಷ.

ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿ, ನ್ಯೂಕ್ಯಾಸಲ್‌ನ ಕಾರ್ಖಾನೆಯಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಕೆಲಸ ಕಲಿತ. 1884ರಲ್ಲಿ ಟರ್ಬೈನ್ ಮಾಡಿದ. ನಿಮಿಷಕ್ಕೆ 18,000 ಸುತ್ತು! 1889ರಲ್ಲಿ ಪಾಲುದಾರರನ್ನು ಬಿಟ್ಟು ಸ್ವಂತ ಕಂಪನಿ ಶುರುಮಾಡಿದಾಗ ಪೇಟೆಂಟು ಅವರ ಬಳಿಯೇ ಉಳಿಯಿತು. ತಾನೇ ಕಂಡುಹಿಡಿದದ್ದನ್ನು ಬಳಸುವ ಹಕ್ಕು ತನಗಿಲ್ಲ. ಅದು ಮರಳಿ ಸಿಕ್ಕಿದ್ದು 1894ರಲ್ಲಿ.

ಅದೇ ವರ್ಷ ಟರ್ಬೀನಿಯಾ ನೀರಿಗಿಳಿಯಿತು. 100 ಅಡಿಗೂ ಉದ್ದ, 9 ಅಡಿ ಅಗಲ, ಮೀನಿನಂಥ ದೋಣಿ. ಒಂದು ಟರ್ಬೈನ್, ಒಂದು ಶಾಫ್ಟ್. ಫ್ಯಾನು ಬದಲಿಸಿ ಬದಲಿಸಿ ಓಡಿಸಿದರೂ ವೇಗ 20 ನಾಟ್ ದಾಟಲಿಲ್ಲ. ಎಂಜಿನ್ನೇ ದಂಡ ಅಂತ ಕೈಬಿಡಬಹುದಿತ್ತು. ಈತ ಶಾಫ್ಟ್ ಎಷ್ಟು ತಿರುಚಿಕೊಳ್ಳುತ್ತೆ ಅಂತ ಅಳೆಯುವ ಉಪಕರಣ ಮಾಡಿ ನೋಡಿದ. ಎಂಜಿನ್ ಶಕ್ತಿ ಕೊಡ್ತಾ ಇದೆ, ನೀರಲ್ಲೇ ಅದು ಸೋರಿಹೋಗ್ತಿದೆ.

ಆಗ ಒಂದು ಸಣ್ಣ ತೊಟ್ಟಿಯಲ್ಲಿ ಎರಡು ಇಂಚಿನ ಫ್ಯಾನು ಇಟ್ಟ. ನೀರು ಬಿಸಿಮಾಡಿ, ಮೇಲಿನ ಗಾಳಿ ಹೀರಿ, ಮಿನುಗುವ ಬೆಳಕು ಹಾಯಿಸಿದ. ತಿರುಗುವ ರೆಕ್ಕೆ ನಿಂತಂತೆ ಕಾಣಿಸಿತು, ಜೊತೆಗೆ ಗುಳ್ಳೆಗಳು. ವಿಷಯ ಇಷ್ಟೇ: ರೆಕ್ಕೆ ತೀರಾ ಜೋರಾಗಿ ತಿರುಗಿದರೆ ಅದರ ಬೆನ್ನಿಗೆ ಒತ್ತಡ ಕುಸಿದು, ತಣ್ಣಗಿರುವಾಗಲೇ ನೀರು ಕುದಿಯುತ್ತೆ. ರೆಕ್ಕೆಗೆ ಹಿಡಿಯೋಕೆ ನೀರೇ ಸಿಗಲ್ಲ, ಆವಿ ಸಿಗುತ್ತೆ. ಆ ಗುಳ್ಳೆ ಒಡೆಯುವ ಪೆಟ್ಟಿಗೇ ಲೋಹ ಗುಳಿಬೀಳೋದು. ಮಲ್ಪೆಯ ಅಣ್ಣ ಹೇಳಿದ್ದು ಇದನ್ನೇ.

ಹೊಸ ಜೋಡಣೆ ಬಂತು. ಒಂದರ ಬದಲು ಮೂರು ಟರ್ಬೈನು. ಮೊದಲನೆಯದು ಬಿಟ್ಟ ಉಗಿ ಎರಡನೆಯದಕ್ಕೆ, ಅದು ಬಿಟ್ಟದ್ದು ಮೂರನೆಯದಕ್ಕೆ. ಮೂರು ಶಾಫ್ಟು, ಒಂದೊಂದಕ್ಕೂ ಮೂರು ಫ್ಯಾನು, ಒಟ್ಟು ಒಂಬತ್ತು. ಹೊರೆ ಹಂಚಿದ್ದರಿಂದ ರೆಕ್ಕೆಗಳಿಗೆ ನೀರು ಸಿಕ್ಕಿತು. ವೇಗ 34 ನಾಟ್ ದಾಟಿತು. ಆ ಕಾಲದ ಯಾವ ಹಡಗಿಗೂ ಸಿಗದ ವೇಗ.

1897ರ ಜೂನ್ 26. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ್ದಕ್ಕೆ ಸ್ಪಿಟ್‌ಹೆಡ್‌ನಲ್ಲಿ 150ಕ್ಕೂ ಹೆಚ್ಚು ಯುದ್ಧನೌಕೆಗಳ ಪ್ರದರ್ಶನ. ಇತ್ತ ನಮ್ಮಲ್ಲಿ ಬರ, ಪ್ಲೇಗು. ನಾಲ್ಕು ದಿನ ಹಿಂದಷ್ಟೇ ಪುಣೆಯಲ್ಲಿ ಅದೇ ಉತ್ಸವ ಮುಗಿಸಿ ಹೊರಟ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹೊಡೆದಿದ್ದರು. ಅಲ್ಲಿ, ಸಾಲುಗಟ್ಟಿದ ಹಡಗುಗಳ ನಡುವೆ ಟರ್ಬೀನಿಯಾ ಬೆಂಕಿಯುಗುಳುತ್ತಾ ನುಗ್ಗಿತು. ಅಟ್ಟಿಸಿಕೊಂಡು ಬಂದ ಕಾವಲು ದೋಣಿಗಳಿಗೆ ಹಿಡಿಯಲಾಗಲಿಲ್ಲ. ಮರುವರ್ಷವೇ ನೌಕಾಪಡೆಯಿಂದ ಆರ್ಡರ್. ಅದೇ ಕೆಲಸ ಐರ್ಲೆಂಡಿನ ಗೇಣಿದಾರನ ಮಗ ಮಾಡಿದ್ದರೆ? ಆರ್ಡರ್ ಬದಲು ವಾರಂಟ್ ಬರ್ತಿತ್ತು ಅಂತ ನನ್ನ ಊಹೆ.

ಟರ್ಬೈನ್ ಹಾಕಿದ ವೈಪರ್, ಕೋಬ್ರಾ ಎರಡೂ 1901ರಲ್ಲಿ ಹೋದವು. ವೈಪರ್ ಬಂಡೆಗೆ ಬಡಿಯಿತು. ಕೋಬ್ರಾ ಸಮುದ್ರದಲ್ಲಿ ಎರಡು ತುಂಡಾಗಿ 67 ಜನ ಸತ್ತರು, ಪಾರ್ಸನ್ಸ್ ಕಂಪನಿಯ ಕೆಲಸಗಾರರೂ ಸೇರಿ. ತಪ್ಪು ಟರ್ಬೈನಿನದಲ್ಲ, ಹಡಗಿನ ಒಡಲೇ ದುರ್ಬಲ ಅಂತ ತೀರ್ಮಾನವಾಯಿತು. ಐದೇ ವರ್ಷಕ್ಕೆ ಅದೇ ಟರ್ಬೈನ್ ಹೊತ್ತ ಡ್ರೆಡ್‌ನಾಟ್ ಬಂತು, ಯುರೋಪಿನ ಶಸ್ತ್ರಪೈಪೋಟಿಗೆ ಕಿಚ್ಚು ಹಚ್ಚಿತು. ಅದರ ಬಗ್ಗೆ ಪಾರ್ಸನ್ಸ್‌ಗೆ ಏನನ್ನಿಸಿತೋ. ಆತ ಮಾತ್ರ ಫ್ಯಾನಿನ ಚಿಂತೆ ಬಿಡಲಿಲ್ಲ. ಒಂದು ಹಳೆಯ ಸರಕು ಹಡಗು, ವೆಸ್ಪೇಸಿಯನ್, ಕೊಂಡು ಟರ್ಬೈನಿಗೂ ಫ್ಯಾನಿಗೂ ನಡುವೆ ಗೇರು ಹಾಕಿದ. ಎಂಜಿನ್ ಜೋರು, ಫ್ಯಾನು ನಿಧಾನ, ಕಲ್ಲಿದ್ದಲೂ ಉಳಿಯಿತು. ನನಗೆ ಸ್ಪಿಟ್‌ಹೆಡ್‌ನ ಓಟಕ್ಕಿಂತ ಇದೇ ದೊಡ್ಡದು ಅನ್ನಿಸುತ್ತೆ. ಆದರೆ ಇದರ ಚಿತ್ರ ಯಾರೂ ಗೋಡೆಗೆ ಹಾಕಲ್ಲ.

1918ರಲ್ಲಿ ಮಗ ಯುದ್ಧದಲ್ಲಿ ಸತ್ತ. ಮಗಳು ರೇಚಲ್ ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದಿದ್ದಳು. ತಮ್ಮ ಯುದ್ಧಕ್ಕೆ ಹೋದಾಗ ಕಂಪನಿಯ ಆಡಳಿತ ಮಂಡಳಿಯಲ್ಲಿ ಅವನ ಜಾಗ ತುಂಬಿದ್ದಳು. ಯುದ್ಧ ಮುಗಿಯಿತು, ಆಕೆಗೆ ಅಲ್ಲಿ ಜಾಗ ಉಳಿಯಲಿಲ್ಲ. ಕಾರ್ಖಾನೆಗಳ ಸಾವಿರಾರು ಹೆಂಗಸರಿಗೂ ಅದೇ ಗತಿ. ಗಂಡಸರಿಗೆ ಹಳೆಯ ಕೆಲಸ ಮರಳಿಸಲು ಕಾನೂನೇ ಬಂತು. 1919ರಲ್ಲಿ ರೇಚಲ್, ಅವಳ ಅಮ್ಮ ಕ್ಯಾಥರೀನ್ ಮತ್ತು ಗೆಳತಿಯರು ಸೇರಿ ಮಹಿಳಾ ಎಂಜಿನಿಯರುಗಳ ಸಂಘ ಕಟ್ಟಿದರು. ರೇಚಲ್ ಮೊದಲ ಅಧ್ಯಕ್ಷೆ. ಆ ಸಂಘ ಈಗಲೂ ಇದೆ.

ಪಾರ್ಸನ್ಸ್ ಸತ್ತದ್ದು 1931ರಲ್ಲಿ, ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ, ಹಡಗಿನೊಳಗೇ.