ಎರಡಾಣೆಯ ಉಳಿತಾಯಕ್ಕೆ ಬ್ಯಾಂಕಿನ ಬಾಗಿಲು ತೆರೆದ ವೈದ್ಯ: ಡಾ. ಟಿ. ಎಂ. ಎ. ಪೈ

ಮುಂಬಯಿಯ ಉಡುಪಿ ಹೊಟೇಲುಗಳಲ್ಲಿ ಮಧ್ಯಾಹ್ನದ ಊಟದ ಗದ್ದಲ ಇಳಿದು, ಸಂಜೆಯ ಚಹಾಕ್ಕೆ ಇನ್ನೂ ಹೊತ್ತಿರುವಾಗ ಗಲ್ಲಾಪೆಟ್ಟಿಗೆಯ ಎದುರು ಬಂದು ನಿಲ್ಲುವ ಒಬ್ಬ ವ್ಯಕ್ತಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹೆಗಲಲ್ಲಿ ಚೀಲ, ಕೈಯಲ್ಲಿ ರಸೀದಿ ಪುಸ್ತಕ. ಆತ ಗಿರಾಕಿಯಲ್ಲ, ಸಾಲ ವಸೂಲಿಗೆ ಬಂದವನೂ ಅಲ್ಲ. ಮಾಲೀಕರು ಒಂದು ನೋಟನ್ನು ಕೊಡುತ್ತಾರೆ. ಅಡುಗೆಮನೆಯಿಂದ ಒಬ್ಬ ಹುಡುಗ ಕೈ ಒರೆಸಿಕೊಂಡು ಬಂದು ತಾನೂ ಒಂದಿಷ್ಟು ಚಿಲ್ಲರೆ ಕೊಡುತ್ತಾನೆ. ಎರಡೂ ಬರಹಕ್ಕೆ ಇಳಿಯುತ್ತವೆ. ಪಿಗ್ಮಿಯವರು ಎಂದೇ ನಾವು ಕರೆಯುವ ಈ ಸಂಗ್ರಾಹಕರ ಪರಂಪರೆ ಆರಂಭವಾದದ್ದು ಮುಂಬಯಿಯಂತಹ ಮಹಾನಗರದಲ್ಲಲ್ಲ, ಉಡುಪಿಯ ಸುತ್ತಲಿನ ಹಳ್ಳಿಗಳಲ್ಲಿ, 1928ರಲ್ಲಿ. ಅದರ ಹಿಂದಿದ್ದವರು ವೃತ್ತಿಯಿಂದ ವೈದ್ಯರಾಗಿದ್ದ ಡಾ. ತೋನ್ಸೆ ಮಾಧವ ಅನಂತ ಪೈ ಅವರು.

ಮಾಧವ ಪೈಗಳು 1898ರ ಏಪ್ರಿಲ್ 30ರಂದು ಉಡುಪಿಗೆ ಸಮೀಪದ, ಸುವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ ಜನಿಸಿದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಉನ್ನತ ವಿದ್ಯೆಗೆ ಮದರಾಸಿನ ದಾರಿ ಹಿಡಿಯುವುದು ರೂಢಿ. ಪೈಗಳೂ ಅಲ್ಲಿಯೇ ವೈದ್ಯಕೀಯ ಓದಿ ಪದವೀಧರರಾದರು. ಅಂತಹ ಪದವಿ ಪಡೆದವರು ಪಟ್ಟಣದಲ್ಲಿ ನೆಲೆಸಿ ಸುಖವಾಗಿರಬಹುದಾಗಿದ್ದ ಕಾಲವದು. ಅವರು ಊರಿಗೆ ಮರಳಿದರು.

ಆ ಊರಿನ ಹಣಕಾಸಿನ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕರಾವಳಿಯ ಬಹುಪಾಲು ಬೇಸಾಯಗಾರರು ಗೇಣಿದಾರರು. ಬೆಳೆದ ಭತ್ತದಲ್ಲಿ ಧಣಿಗಳಿಗೆ ಗೇಣಿ ಅಳೆದು ಕೊಟ್ಟ ಮೇಲೆ ಉಳಿದುದರಲ್ಲಿ ವರ್ಷ ಕಳೆಯಬೇಕು. ಆಟಿ ತಿಂಗಳ ಮಳೆ ಸುರಿಯುವ ಹೊತ್ತಿಗೆ ಅಕ್ಕಿಮುಡಿ ಬರಿದಾಗುತ್ತಿತ್ತು. ಆಗ ಅಕ್ಕಿಯನ್ನೇ ಕಡ ತಂದು, ಕೊಯ್ಲಿನ ನಂತರ ಹೆಚ್ಚಿನ ಅಳತೆ ಸೇರಿಸಿ ಹಿಂದಿರುಗಿಸಬೇಕು. ಮದುವೆ, ಕಾಯಿಲೆ, ಉತ್ತರಕ್ರಿಯೆಗಳಿಗೆ ನಗದು ಬೇಕಾದರೆ ಮನೆಯ ಹೆಂಗಸರ ಕೊರಳಿನ ಚಿನ್ನ ಅಡವಿಗೆ ಹೋಗುತ್ತಿತ್ತು. ಹೋದದ್ದು ಬಿಡಿಸಿಕೊಂಡು ಬರುವುದು ಎಲ್ಲರಿಗೂ ಸಾಧ್ಯವಾಗುತ್ತಿರಲಿಲ್ಲ. ಭೂಮಿ ತನ್ನದಲ್ಲದ ಕಾರಣ ಅದನ್ನು ಒತ್ತೆಯಿಟ್ಟು ಸಾಲ ತರುವಂತಿಲ್ಲ. ಜಿಲ್ಲೆಯಲ್ಲಿ ಬ್ಯಾಂಕುಗಳು ಇರಲಿಲ್ಲವೆಂದಲ್ಲ. 1906ರಲ್ಲಿಯೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಕಟ್ಟಿದ್ದರು. ಪುತ್ತೂರಿನ ಕಡೆ ಮೊಳಹಳ್ಳಿ ಶಿವರಾಯರು ಸಹಕಾರ ಸಂಘಗಳನ್ನು ಬೆಳೆಸುತ್ತಿದ್ದರು. ಆದರೂ ದಿನಗೂಲಿಯವನು, ಮೀನು ಮಾರುವವಳು, ನೇಕಾರ, ಬೀಡಾ ಅಂಗಡಿಯವನು ಬ್ಯಾಂಕಿನ ಮೆಟ್ಟಿಲು ಹತ್ತುವುದು ಅಪರೂಪವೇ ಆಗಿತ್ತು. ಅಲ್ಲಿ ಇಡಲು ಅವರ ಬಳಿ ಏನಿದೆ ಎಂಬುದು ಅವರದೂ ಬ್ಯಾಂಕಿನದೂ ಒಂದೇ ಸಂಶಯ.

ಇಪ್ಪತ್ತರ ದಶಕದಲ್ಲಿ ಕೈಮಗ್ಗದ ಉದ್ಯಮ ಸಂಕಷ್ಟಕ್ಕೆ ಸಿಲುಕಿ ಉಡುಪಿ ಪರಿಸರದ ನೇಕಾರ ಕುಟುಂಬಗಳು ಕಂಗೆಟ್ಟವು. ಅವರಿಗೆ ನೆರವಾಗುವ ಉದ್ದೇಶವಿಟ್ಟುಕೊಂಡು 1925ರಲ್ಲಿ ಮೂವರು ಒಂದಾದರು. ವ್ಯಾಪಾರ ಬಲ್ಲ ಅಣ್ಣ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಮಾಧವ ಪೈ. ಈ ವಾಮನ ಕುಡ್ವರೇ ಮುಂದೆ ಮಂಗಳೂರಿನಲ್ಲಿ ನವಭಾರತ ಪತ್ರಿಕೆಯನ್ನು ಆರಂಭಿಸಿದವರು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದನೆಯ ಹೆಸರಿನ ಸಂಸ್ಥೆ ಉಡುಪಿಯಲ್ಲಿ ಕಣ್ತೆರೆದಾಗ ಅದರ ಬಂಡವಾಳ 8,000 ರೂಪಾಯಿ, ಸಿಬ್ಬಂದಿ ಒಬ್ಬನೇ. 1928ರಲ್ಲಿ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. ಬ್ಯಾಂಕೊಂದು ತನ್ನ ಮೊದಲ ಶಾಖೆಗೆ ಮಂಗಳೂರಿನ ಬಂದರನ್ನು ಬಿಟ್ಟು ಬ್ರಹ್ಮಾವರವನ್ನು ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ.

ಅದೇ ವರ್ಷ ಪಿಗ್ಮಿ ಠೇವಣಿ ಬಂತು. ಯೋಜನೆ ಬಲು ಸರಳ. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವಾದರೂ ಸಾಕು. ಅದನ್ನು ಬ್ಯಾಂಕಿಗೆ ತಂದು ಕಟ್ಟಬೇಕಿಲ್ಲ, ಬ್ಯಾಂಕಿನ ಪ್ರತಿನಿಧಿಯೇ ಮನೆ ಬಾಗಿಲಿಗೆ ಬಂದು ಪಡೆದು ರಸೀದಿ ಕೊಡುತ್ತಾನೆ. ಅವಧಿ ಮುಗಿದಾಗ ಬಡ್ಡಿ ಸೇರಿ ದೊಡ್ಡ ಮೊತ್ತ ಕೈಗೆ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಎರಡಾಣೆಯಂತೆ ಒಂದು ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಇಂದಿನ ಮಕ್ಕಳಿಗೆ ಇದು ನಗು ತರಿಸೀತು. ಆದರೆ ವರ್ಷದ ಕೊನೆಗೆ ನಲವತ್ತೈದು ರೂಪಾಯಿಯನ್ನು ಒಟ್ಟಾಗಿ ಎಂದೂ ಕಾಣದ ಮನೆಗೆ ಅದು ಅಡವಿಗೆ ಹೋಗಬೇಕಿದ್ದ ಚಿನ್ನವನ್ನು ಮನೆಯಲ್ಲೇ ಉಳಿಸುವ ಮೊತ್ತ.

ಬಡವರಿಗೆ ಉಳಿತಾಯದ ಬುದ್ಧಿಯಿಲ್ಲ ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ಪೈಗಳ ಯೋಜನೆ ಆ ಮಾತನ್ನು ನಂಬಿ ಮಾಡಿದ್ದಲ್ಲ. ಬಡವನ ಕೈಗೆ ಹಣ ಬರುವುದೂ ದಿನದ ಲೆಕ್ಕದಲ್ಲಿ, ಹೋಗುವುದೂ ದಿನದ ಲೆಕ್ಕದಲ್ಲಿ. ತಿಂಗಳಿಗೊಮ್ಮೆ ಉಳಿಸು ಎಂದರೆ ತಿಂಗಳ ಕೊನೆಗೆ ಅವನಲ್ಲಿ ಏನೂ ಉಳಿದಿರುವುದಿಲ್ಲ. ದಿನಕ್ಕೆ ಮೂರು ಹೊತ್ತು ಔಷಧಿ ಬರೆದುಕೊಡುವ ವೈದ್ಯನಿಗೆ ಇದು ಹೊಳೆದದ್ದು ಸಹಜವೇ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ಅನುಕೂಲವನ್ನೂ ಹೇಳಬೇಕು. ಸಂಗ್ರಾಹಕ ದಿನವೂ ಮನೆಗೆ ಬರುವುದರಿಂದ ಠೇವಣಿ ಹೆಂಗಸರ ಕೈಯಿಂದಲೂ ಆಗಬಹುದಿತ್ತು. ಮೊಟ್ಟೆ ಮಾರಿದ ಕಾಸು, ಮಲ್ಲಿಗೆ ಕಟ್ಟಿದ ಕಾಸು ಗಂಡನ ಜೇಬಿಗೆ ಹೋಗದೆ ತನ್ನದೇ ಪುಸ್ತಕಕ್ಕೆ ಹೋಗುವ ದಾರಿ ಅದು. ಪುಸ್ತಕದಲ್ಲಿ ದಿನ ತಪ್ಪದೆ ಬಿದ್ದ ಬರಹವೇ ಆ ಮನೆಯ ಮರ್ಯಾದೆಯ ಸಾಕ್ಷಿಯಾಗಿ, ಠೇವಣಿಯ ಆಧಾರದ ಮೇಲೆ ಸಾಲ ಪಡೆಯಲೂ ಆಗುತ್ತಿತ್ತು. ಒತ್ತೆಯಿಡಲು ಭೂಮಿಯಿಲ್ಲದವನಿಗೆ ಇದೇನು ಸಣ್ಣ ಮಾತಲ್ಲ.

ಇದನ್ನು ಬರಿಯ ದಾನಧರ್ಮವೆಂದು ಹೊಗಳುವುದೂ ಸರಿಯಲ್ಲ. ಎಂಟು ಸಾವಿರದ ಬ್ಯಾಂಕಿಗೆ ದೊಡ್ಡ ವರ್ತಕರು ಠೇವಣಿ ತಂದುಕೊಡುವುದು ಅನುಮಾನವೇ. ಸಣ್ಣವರ ಹಣವೇ ಅದರ ಬಲ. ಅವರು ಬೆಳೆದರೆ ಬ್ಯಾಂಕೂ ಬೆಳೆಯುತ್ತದೆ ಎಂಬ ವ್ಯಾವಹಾರಿಕ ಜಾಣ್ಮೆ ಪೈಗಳಲ್ಲಿತ್ತು, ಅದನ್ನು ಅವರು ಬಚ್ಚಿಟ್ಟವರೂ ಅಲ್ಲ.

1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಚ್ಚಿದಾಗ ದಕ್ಷಿಣ ಭಾರತದಾದ್ಯಂತ ಠೇವಣಿದಾರರು ದಿಗಿಲುಗೊಂಡರು. ಉಡುಪಿಯ ಸಂಸ್ಥೆ ಆ ಗಂಡಾಂತರವನ್ನು ದಾಟಿತು. 1946ರಲ್ಲಿ ಒಂದೇ ದಿನ 29 ಶಾಖೆಗಳನ್ನು, ಅದೂ ಗ್ರಾಮೀಣ ಪ್ರದೇಶಗಳಲ್ಲಿ, ತೆರೆದದ್ದು ಅಂದಿನ ಕಾಲಕ್ಕೆ ಸಾಹಸವೇ ಸರಿ. ಅರುವತ್ತರ ದಶಕದಲ್ಲಿ ಅದು ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರು ಪಡೆದು, ಪ್ರಧಾನ ಕಚೇರಿಯನ್ನು ಮಣಿಪಾಲಕ್ಕೆ ಸಾಗಿಸಿತು. ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು 1962ರಲ್ಲಿ ತೆರೆದದ್ದೂ ಇದೇ ಬ್ಯಾಂಕು.

ಮುಂಬಯಿಯ ನಂಟು ಇಲ್ಲಿ ಬರುತ್ತದೆ. ಊರಿನಲ್ಲಿ ಗೇಣಿಗೂ ಬಾಯಿಗೂ ಸಾಲದ ಮನೆಗಳಿಂದ ಹುಡುಗರು ಹಡಗು ಹತ್ತಿಯೂ ಘಾಟಿ ಹತ್ತಿಯೂ ಈ ನಗರಕ್ಕೆ ಬಂದರು. ಹಗಲು ಹೊಟೇಲಿನಲ್ಲಿ ತಟ್ಟೆ ಲೋಟ ತೊಳೆದು, ಸಂಜೆ ಕೋಟೆ ವಿಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರು. ಹೊಟೇಲಿನಲ್ಲೇ ಉಂಡು ಅಲ್ಲೇ ಮಲಗುವ ಹುಡುಗನಿಗೆ ಸಂಬಳ ಇಡಲು ಜಾಗವೆಲ್ಲಿ? ಮಾಲೀಕರ ಬಳಿ ಇಟ್ಟರೆ ಅವರ ಕೃಪೆ; ಹಾಸಿಗೆಯ ಕೆಳಗಿಟ್ಟರೆ ದೇವರೇ ಗತಿ. ಊರಿನಲ್ಲಿ ತಾಯಿಯ ಬಳಿಗೆ ಬರುತ್ತಿದ್ದ ಪಿಗ್ಮಿಯವರು ಇಲ್ಲಿಯೂ ಬಂದಾಗ ಆ ಹುಡುಗನಿಗೆ ಪರಿಚಯ ಹೇಳಿಕೊಡಬೇಕಾಗಿರಲಿಲ್ಲ. ಅವರಾಡುವ ತುಳು, ಕೊಂಕಣಿ, ಕನ್ನಡವೇ ಅರ್ಧ ಜಾಮೀನು. ನಮ್ಮ ಸಮಾಜದ ಎಷ್ಟೋ ಹೊಟೇಲುಗಳ ಮೊದಲ ಪಗಡಿಯ ಹಣದಲ್ಲಿ ಇಂತಹ ದಿನದಿನದ ಕಾಸೂ ಸೇರಿದೆ ಎಂಬುದನ್ನು ಹಿರಿಯರು ಬಲ್ಲರು.

ಉಳಿತಾಯ ಒಂದು ಕಡೆಯಾದರೆ ಬೇಸಾಯದ ಸಾಲ ಇನ್ನೊಂದು ಕಡೆ, ಮತ್ತು ಹೆಚ್ಚು ಕಷ್ಟದ್ದು. ಅರುವತ್ತರ ದಶಕದ ಉತ್ತರಾರ್ಧದಲ್ಲಿ ದೇಶದ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಒಟ್ಟು ಸಾಲದಲ್ಲಿ ಕೃಷಿಯ ಪಾಲು ಸುಮಾರು ಶೇಕಡಾ 2ರಷ್ಟೇ. ಮಳೆಯನ್ನು ನಂಬಿದ ರೈತನಿಗೆ ಸಾಲ ಕೊಡುವುದು ಬ್ಯಾಂಕುಗಳ ಕೆಲಸವಲ್ಲವೆಂದೇ ಬಹುಮಂದಿ ಭಾವಿಸಿದ್ದರು. ಮಣಿಪಾಲದವರು ಹಾಗೆ ಭಾವಿಸಲಿಲ್ಲ. ಕೃಷಿ ಸಾಲಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿದರು, ರೈತರಿಗೆ ಸಲಹೆ ನೀಡಲು ಕೃಷಿ ಪ್ರತಿಷ್ಠಾನವೊಂದನ್ನು ಕಟ್ಟಿದರು. ಈ ಹಂತದಲ್ಲಿ ಮುಂದೆ ನಿಂತು ದುಡಿದವರು ಉಪೇಂದ್ರ ಪೈಗಳ ಮಗ ಟಿ. ಎ. ಪೈ, ಮುಂದೆ ಅವರು ಜೀವವಿಮಾ ನಿಗಮದ ಅಧ್ಯಕ್ಷರೂ ಕೇಂದ್ರ ಸಚಿವರೂ ಆದರು. ಆದರೂ ಗೇಣಿದಾರನಿಗೆ ಪಂಪ್‌ಸೆಟ್ಟಿನ ಸಾಲ ಕೊಡಲು ಭೂಮಿಯ ಹಕ್ಕಿನ ತೊಡಕು ಇದ್ದೇ ಇತ್ತು. ಅದು ಬಿಡಿಸಿಕೊಂಡದ್ದು 1974ರ ಭೂಸುಧಾರಣೆಯ ತಿದ್ದುಪಡಿಯಿಂದ, ಬ್ಯಾಂಕಿನಿಂದಲ್ಲ. ಎರಡಾಣೆಯ ಯೋಜನೆಗೂ ಒಂದು ಮಿತಿಯಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಮಣಿಪಾಲದ ಕತೆ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಮಣ್ಣು ಪಳ್ಳವೆಂಬ ಕೆರೆಯಿದ್ದ ಬೋಳು ಮುರಕಲ್ಲಿನ ಗುಡ್ಡದಲ್ಲಿ, ಸರಕಾರದ ಅನುದಾನಕ್ಕೆ ಕಾಯದೆ, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದಕ್ಕೂ ಮುಂಚೆ, 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು. ವೈದ್ಯಕೀಯ ಕಾಲೇಜಿಗೆ ಹಣ ಹೊಂದಿಸಿದ್ದು ವಿದ್ಯಾರ್ಥಿಗಳ ಪೋಷಕರಿಂದಲೇ ವಂತಿಗೆ ಪಡೆದು. ಪೈಗಳ ಜೀವನದಲ್ಲಿ ಇಂದಿಗೂ ವಾದಕ್ಕೆ ಎಡೆಕೊಡುವ ಭಾಗವಿದು. ಬಡವನ ಎರಡಾಣೆಯನ್ನು ಗೌರವಿಸಿದವರ ಕಾಲೇಜಿಗೆ ಬಡವನ ಮಗ ಸೇರುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸರಕಾರ ಕೊಡಲಾರದ ಕಡೆ ಆಸ್ಪತ್ರೆಯೊಂದು ಎದ್ದು ನಿಂತಿತು ಎಂಬುದೂ ನಿಜವೇ. ಅವರ ಹೆಸರಿನ ಪ್ರತಿಷ್ಠಾನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ತೀರ್ಪು ಕೊಟ್ಟ ಮೇಲೆ, ಖಾಸಗಿ ಶಿಕ್ಷಣದ ಕಾನೂನು ಓದುವ ಪ್ರತಿಯೊಬ್ಬ ವಕೀಲನೂ ಪೈಗಳ ಹೆಸರನ್ನು ಉಚ್ಚರಿಸುತ್ತಾನೆ; ಅವರು ವೈದ್ಯರೆಂದೂ ಬ್ಯಾಂಕು ಕಟ್ಟಿದವರೆಂದೂ ಎಷ್ಟು ಮಂದಿಗೆ ಗೊತ್ತೋ ತಿಳಿಯದು.

1969ರ ಜುಲೈ 19ರಂದು ಕೇಂದ್ರ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಅವುಗಳಲ್ಲಿ ಎರಡು ದಕ್ಷಿಣ ಕನ್ನಡದವು, ಕೆನರಾ ಮತ್ತು ಸಿಂಡಿಕೇಟ್. ಹಳ್ಳಿಗೂ ರೈತನಿಗೂ ಬ್ಯಾಂಕು ತಲುಪಲಿ ಎಂಬುದು ರಾಷ್ಟ್ರೀಕರಣದ ಘೋಷಿತ ಉದ್ದೇಶ. ನಲವತ್ತು ವರ್ಷಗಳಿಂದ ಅದನ್ನೇ ಮಾಡುತ್ತ ಬಂದ ಸಂಸ್ಥೆಯೂ ಅದೇ ಕಾರಣಕ್ಕಾಗಿ ಕೈ ತಪ್ಪಿದ್ದು ವಿಚಿತ್ರ. 1975ರಲ್ಲಿ ದೇಶದ ಮೊದಲ ಗ್ರಾಮೀಣ ಬ್ಯಾಂಕು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದಾಗ ಅದನ್ನು ಪ್ರಾಯೋಜಿಸುವ ಹೊಣೆ ಬಂದದ್ದು ಸಿಂಡಿಕೇಟ್ ಬ್ಯಾಂಕಿಗೆ. 1972ರಲ್ಲಿ ಪೈಗಳಿಗೆ ಪದ್ಮಶ್ರೀ ದೊರೆಯಿತು. 1979ರ ಮೇ 29ರಂದು ಅವರು ನಿಧನರಾದರು.

ಆಮೇಲಿನ ಒಂದು ಸಂಗತಿಯನ್ನು ಬಿಟ್ಟರೆ ಈ ಬರಹ ಅಪೂರ್ಣವಾದೀತು. ಮಳೆಯಲ್ಲೂ ಬಿಸಿಲಲ್ಲೂ ಮನೆ ಮನೆ ತಿರುಗಿ ಎರಡಾಣೆ ಕೂಡಿಸಿದ ಸಂಗ್ರಾಹಕರು ಬ್ಯಾಂಕಿನ ನೌಕರರೆಂದು ಎಣಿಸಲ್ಪಡಲಿಲ್ಲ. ತಂದ ಹಣದ ಮೇಲೆ ಕಮಿಷನ್ ಮಾತ್ರ. ತಿರುಗಾಟದ ದಣಿವು ಅವರದು, ಮನೆಯವರ ನಂಬಿಕೆ ಗಳಿಸಿದ್ದೂ ಅವರೇ. ತಮ್ಮನ್ನೂ ಕೆಲಸಗಾರರೆಂದು ಪರಿಗಣಿಸಬೇಕೆಂದು ಅವರು ಹೋರಾಡಿದರು. ಕೈಗಾರಿಕಾ ನ್ಯಾಯಮಂಡಳಿಯಿಂದ ಮೊದಲ್ಗೊಂಡು ಸುಪ್ರೀಂ ಕೋರ್ಟಿನವರೆಗೆ ಹೋದ ಆ ಮೊಕದ್ದಮೆಯಲ್ಲಿ, 2001ರಲ್ಲಿ, ಠೇವಣಿ ಸಂಗ್ರಾಹಕರೂ ಕೆಲಸಗಾರರೇ, ಅವರ ಕಮಿಷನ್ನೂ ಒಂದು ಬಗೆಯ ಕೂಲಿಯೇ ಎಂದು ತೀರ್ಮಾನವಾಯಿತು. ಯೋಜನೆ ಹುಟ್ಟಿ ಎಪ್ಪತ್ತಮೂರು ವರ್ಷ ಕಳೆದಿತ್ತು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಅಳಿಯಿತು. ದೇಶವೇ ಬಾಗಿಲು ಹಾಕಿಕೊಂಡಿದ್ದ ದಿನಗಳವು. ಮುಂಬಯಿಯ ಹೊಟೇಲುಗಳ ಷಟರುಗಳೂ ಇಳಿದಿದ್ದವು, ಗಲ್ಲಾಪೆಟ್ಟಿಗೆಯ ಮುಂದೆ ಪಿಗ್ಮಿಯವರು ಬರುತ್ತಿರಲಿಲ್ಲ. ಷಟರು ಎದ್ದ ಮೇಲೆ ಸಹಕಾರಿ ಸಂಘಗಳ ಪ್ರತಿನಿಧಿಗಳು ಮತ್ತೆ ಬಂದರು, ರಸೀದಿ ಪುಸ್ತಕದ ಬದಲು ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದುಕೊಂಡು, ಮಧ್ಯಾಹ್ನದ ಅದೇ ಮೂರು ಗಂಟೆಯ ಹೊತ್ತಿಗೆ.