ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವ ಗಂಗಾಮೂಲದ ಹೆಸರನ್ನು ನಾವೆಲ್ಲರೂ ಭೂಗೋಳದ ಪಾಠದಲ್ಲಿ ಓದಿದ್ದೇವೆ. ಆ ಕಾಡಿನೊಳಗಿನ ಒಂದು ಆಶ್ರಮದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿಯವರು ಹುಟ್ಟಿದರೆಂಬುದನ್ನು ಮಾತ್ರ ನಮ್ಮಲ್ಲಿ ಬಹಳ ಜನ ಕೇಳಿರಲಾರರು. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಅದು ನ್ಯಾಯವೇ. ಆದರೆ ಈಕೆ ಯಾರವರು ಎಂಬ ಪ್ರಶ್ನೆ ಬದುಕಿದ್ದಷ್ಟು ದಿನವೂ ಅವರನ್ನು ಬಿಡಲಿಲ್ಲ. ಪುಣೆಯ ಹಿಂದೂಗಳ ಕಣ್ಣಿಗೆ ಅವರು ಪರಮತಕ್ಕೆ ಹೋದವರು. ಇಂಗ್ಲೆಂಡಿನ ಕ್ರೈಸ್ತ ಗುರುಗಳ ಕಣ್ಣಿಗೆ ಇನ್ನೂ ಪೂರ್ತಿ ಬಂದು ಸೇರದವರು. ಅವರು ತಮ್ಮನ್ನು ತಾವು ಏನೆಂದು ತಿಳಿದಿದ್ದರು, ಆ ತಿಳಿವಳಿಕೆಯಿಂದ ಏನು ಮಾಡಿದರು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುವುದನ್ನು ಕಂಡು, ತಾವೂ ಹೆಂಡತಿಗೆ ಕಲಿಸಬೇಕೆಂದು ಹಟ ತೊಟ್ಟರು. ಜನ ಬಿಡಲಿಲ್ಲ. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಯನ್ನು ಕಾಡಿಗೇ ಕರೆತಂದು ಓದಿಸಿದರು. ಆ ತಾಯಿ ಮನೆಗೆಲಸ ಮೊದಲಾಗುವ ಮುನ್ನ, ಬೆಳಗಿನ ಜಾವದಲ್ಲಿ, ನಿದ್ದೆಗಣ್ಣಿನ ಮಗಳನ್ನು ಎತ್ತಿ ತೋಳಿನಲ್ಲಿಟ್ಟುಕೊಂಡು ಶ್ಲೋಕ ಹೇಳಿಕೊಡುತ್ತಿದ್ದರಂತೆ. ಹನ್ನೆರಡು ವರ್ಷವಾಗುವಷ್ಟರಲ್ಲಿ ಮಗಳಿಗೆ ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠವಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಶ್ಲೋಕಕ್ಕೆ ತಿಣುಕುವ ನಮಗೆ ಇದನ್ನು ಓದಿದರೆ ನಾಚಿಕೆಯಾಗಬೇಕು.

ರಮಾಬಾಯಿ ಕೆಲವೇ ತಿಂಗಳ ಕೂಸಾಗಿದ್ದಾಗ ಕುಟುಂಬ ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ದೇವಾಲಯಗಳಲ್ಲಿ ಪುರಾಣ ಓದುವುದು, ಬಂದದ್ದರಲ್ಲಿ ಜೀವಿಸುವುದು, ಉಳಿದದ್ದನ್ನು ಪುಣ್ಯಕ್ಕಾಗಿ ದಾನ ಮಾಡುವುದು. ಸ್ನಾನ, ಉಪವಾಸ, ವ್ರತ ಯಾವುದರಲ್ಲಿಯೂ ಅವರು ಕೊರತೆ ಮಾಡಲಿಲ್ಲ. ಕೈಯಲ್ಲಿದ್ದ ಹಣವೆಲ್ಲ ಹೀಗೆ ಮುಗಿದ ಹೊತ್ತಿಗೆ ದಕ್ಷಿಣದಲ್ಲಿ ಬರಗಾಲ ಬಂತು. ಭಿಕ್ಷೆ ಬೇಡಲು ಕುಲದ ಅಭಿಮಾನ ಬಿಡದು, ಕೂಲಿ ಮಾಡಲು ಕಲಿತಿಲ್ಲ. ಕಾಡಿನ ಎಲೆ ತಿಂದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು, ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಸಾಕಷ್ಟು ಜನ ಸಿಗದೆ ಮಗಳೂ ಹೊರಬೇಕಾಯಿತು. ಆಕೆ ಗಿಡ್ಡ, ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತು ನಡೆದರು. ಈ ಬರಗಾಲವನ್ನು ವಾಚಕರು ನೆನಪಿನಲ್ಲಿಡಬೇಕು.

ಅಣ್ಣ ಶ್ರೀನಿವಾಸನೊಡನೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆ ಸೇರಿದಾಗ ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಆದರೆ ಧರ್ಮಶಾಸ್ತ್ರಗಳನ್ನು ತಾವೇ ಓದತೊಡಗಿದಂತೆ, ಹೆಣ್ಣಿಗೂ ಶೂದ್ರನಿಗೂ ಮೋಕ್ಷದ ನೇರ ದಾರಿ ಅಲ್ಲಿಲ್ಲವೆಂದು ಅವರಿಗೆ ತೋರಿ ಮನಸ್ಸು ಕಲಕಿತು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಕಾಲರಾದಿಂದ ಅವರೂ ಹೋಗಿ, ಹಸುಗೂಸು ಮನೋರಮೆಯೊಡನೆ ರಮಾಬಾಯಿಯವರು ವಿಧವೆಯಾದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅವರ ಕೈಗೆ ಸಿಕ್ಕಿದ್ದು ಆ ಕಾಲದಲ್ಲಿಯೇ.

1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬಲ್ಲಿಯ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಲಂಡನ್ನಿನ ಫುಲ್ಹಮ್‌ನಲ್ಲಿ ಆ ಸನ್ಯಾಸಿನಿಯರು ದಾರಿ ತಪ್ಪಿದ ಹೆಂಗಸರನ್ನು ಅಸಹ್ಯಪಡದೆ ಸಾಕುತ್ತಿದ್ದುದನ್ನು ಕಂಡು ಬೆರಗಾದರು. ಕಾರಣ ಕೇಳಿದಾಗ ಅವರಿಗೆ ಸಿಕ್ಕ ಉತ್ತರ ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಕಥೆ. 1883ನೆಯ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೆ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ರಮಾಬಾಯಿಯವರು ಹಾಗೆ ತಿಳಿಯಲಿಲ್ಲ. ತಾವು ಆಗ ಸ್ವೀಕರಿಸಿದ್ದು ಕ್ರೈಸ್ತ ಮತವನ್ನು, ಕ್ರಿಸ್ತನನ್ನು ಕಂಡುಕೊಂಡದ್ದು ಸುಮಾರು ಎಂಟು ವರ್ಷಗಳ ಅನಂತರ ಎಂದು 1907ರಲ್ಲಿ ಬರೆದ ತಮ್ಮ ಜೀವನಸಾಕ್ಷ್ಯದಲ್ಲಿ ಅವರೇ ವಿವರಿಸಿದ್ದಾರೆ. ಪೌಲನು ಎಫೆಸದ ಸಭೆಗೆ ಬರೆದ ಪತ್ರಿಕೆಯಲ್ಲಿ ಒಂದು ವಿಚಾರವಿದೆ: ಮನುಷ್ಯನು ಪುಣ್ಯಕಾರ್ಯಗಳನ್ನು ಕೂಡಿಟ್ಟು ದೇವರವನಾಗುವುದಿಲ್ಲ; ದೇವರೇ ಅವನನ್ನು ಹೊಸದಾಗಿ ನಿರ್ಮಿಸುತ್ತಾನೆ, ನಿರ್ಮಿಸುವುದು ಸತ್ಕಾರ್ಯಗಳಿಗಾಗಿ. ತಂದೆತಾಯಿಗಳು ಪುಣ್ಯಕ್ಕಾಗಿ ಎಲ್ಲವನ್ನೂ ತೆತ್ತು ಹಸಿವಿನಿಂದ ಸತ್ತದ್ದನ್ನು ಕಂಡವರಿಗೆ ಇದು ಒಣ ಸಿದ್ಧಾಂತವಾಗಿರಲಿಲ್ಲ. ಮೊದಲು ಕೆಲಸ, ಆಮೇಲೆ ಕೃಪೆ ಎಂಬ ಲೆಕ್ಕ ಅವರ ಪಾಲಿಗೆ ತಿರುಗುಮುರುಗಾಯಿತು.

ಹೊಸ ಸೃಷ್ಟಿಯೆಂದರೆ ಇಂಗ್ಲಿಷರಾಗುವುದೆಂದೂ ಅವರು ಒಪ್ಪಲಿಲ್ಲ. ಕಡೆಯವರೆಗೂ ಶಾಕಾಹಾರಿಯಾಗಿಯೇ ಇದ್ದರು. ಶಿಲುಬೆಯ ಮೇಲೆ ಲ್ಯಾಟಿನ್ ಮಾತೇ ಏಕೆ, ಸಂಸ್ಕೃತ ಏಕಾಗಬಾರದು ಎಂದು ವಾಂಟೇಜಿನವರೊಡನೆ ವಾದಿಸಿದರು. ತಿಳಿಯದ್ದನ್ನು ಗುರುಗಳ ಅಪ್ಪಣೆಯೆಂದು ನಂಬಲು ನಿರಾಕರಿಸಿದ್ದಕ್ಕೆ ಅವರಿಗೆ ಅಹಂಕಾರಿಯೆಂಬ ಹೆಸರೂ ಬಂತು.

1886ರಲ್ಲಿ ಅಮೆರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಬಗ್ಗೆ ಪುಸ್ತಕ ಬರೆದು ಹಣ ಕೂಡಿಸಿ, 1889ನೆಯ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮತಪ್ರಚಾರ ಮಾಡುವುದಿಲ್ಲವೆಂಬುದು ಒಪ್ಪಂದ. ಆದರೆ ಅವರು ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. 1893ರಲ್ಲಿ ಗದ್ದಲವೆದ್ದಿತು. ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು, ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳು ಸಲಹಾ ಸಮಿತಿಯನ್ನು ಬಿಟ್ಟರು, ಅನೇಕ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ನನ್ನ ಅಭಿಪ್ರಾಯದಲ್ಲಿ ಹಿತೈಷಿಗಳ ಕೊರಗು ಪೂರಾ ಸುಳ್ಳಲ್ಲ. ನಂಬಿ ಮಗಳನ್ನು ಕಳಿಸಿದ ತಂದೆಗೆ ತೆರೆದ ಬಾಗಿಲೂ ಒಂದು ಆಹ್ವಾನವಾಗಿಯೇ ಕಂಡೀತು. ಆದರೆ ತಾನು ಏನಾಗಿರುವೆನೋ ಅದನ್ನು ತನ್ನ ಮನೆಯಲ್ಲಿಯೇ ಬಚ್ಚಿಡಬೇಕೆಂದು ರಮಾಬಾಯಿಯವರನ್ನು ಕೇಳುವುದೂ ಸಣ್ಣ ಬೇಡಿಕೆಯಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಬರಗಾಲ ಬಿದ್ದ ಸುದ್ದಿ ಬಂತು. ತಾವು ಎಲೆ ತಿಂದ ದಿನಗಳು ಅವರಿಗೆ ಮರೆತಿರಲಿಲ್ಲ. ತಾವೇ ಅಲ್ಲಿಗೆ ಹೋದರು. ಹಸಿದ ಹುಡುಗಿಯರನ್ನು ಬಲೆಗೆ ಹಾಕಿಕೊಳ್ಳುವ ದುಷ್ಟರ ನಡುವಿನಿಂದ ನೂರಾರು ಮಂದಿಯನ್ನು ಕರೆತಂದರು. ಪುಣೆಯಿಂದ ಮೂವತ್ತನಾಲ್ಕು ಮೈಲಿ ದೂರದ ಕೇಡಗಾಂವಿನ ಬಯಲು ಭೂಮಿಯಲ್ಲಿ ಅವರಿಗಾಗಿ ಎದ್ದದ್ದೇ ಮುಕ್ತಿ. 1900ರಲ್ಲಿ ಗುಜರಾತಿಗೆ ಬರ ಬಂದಾಗ ಅಲ್ಲಿಯವರೂ ಸೇರಿ, ಮನೆಯ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಹೋಯಿತು. ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಮುಕ್ತಿಯಲ್ಲಿ ಜಾತಿಯ ಪಂಕ್ತಿಯಿರಲಿಲ್ಲ. ಕೈ ಬಗ್ಗಿಸಿ ದುಡಿಯದವರೂ ಇರಲಿಲ್ಲ. ಹೊಲ, ಹೈನು, ಮಗ್ಗ, ಎಣ್ಣೆಗಾಣ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡಿಯರಿಗೆ ಬ್ರೈಲ್ ಲಿಪಿ ಕಲಿಸಿದರು. ದಾರಿ ತಪ್ಪಿದವರೆಂದು ಊರು ನೂಕಿದವರಿಗೆ ಕೃಪಾ ಸದನವಿತ್ತು. ಫುಲ್ಹಮ್‌ನಲ್ಲಿ ಕಂಡು ಬೆರಗಾದದ್ದು ಕೇಡಗಾಂವಿನಲ್ಲಿ ಅವರ ಸ್ವಂತ ಮನೆಯ ಕೆಲಸವಾಯಿತು. ಕನ್ನಡ ನಾಡಿನ ನಂಟೂ ಕಡಿಯಲಿಲ್ಲ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ 1912-13ರ ಸುಮಾರಿಗೆ ಒಂದು ಶಾಲೆ ತೆರೆದರು. ಮನೋರಮಾಬಾಯಿಯವರು ಅದನ್ನು ನೋಡಿಕೊಂಡರು.

ಕೊನೆಯ ವರ್ಷಗಳು ಬೈಬಲಿನ ಅನುವಾದಕ್ಕೆ ಮೀಸಲಾದವು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲು ಸಂಸ್ಕೃತಮಯವಾಗಿ ಹಳ್ಳಿಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಕಲಕತ್ತೆಯ ಪಂಡಿತರನ್ನು ಸಂಸ್ಕೃತದಿಂದ ಬೆರಗುಗೊಳಿಸಿದ್ದವರು ಮುಪ್ಪಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಆ ಸಂಸ್ಕೃತವನ್ನೇ ಬದಿಗಿಟ್ಟು ಆಡುಮಾತಿನ ಮರಾಠಿಯಲ್ಲಿ ಅದನ್ನು ಬರೆದರು. ಕಿವಿ ಮಂದವಾಗಿತ್ತು. 1921ರಲ್ಲಿ ಮನೋರಮೆಯೂ ತೀರಿಕೊಂಡರು. ಆಮೇಲೂ ಕರಡು ತಿದ್ದುವ ಕೆಲಸ ನಿಲ್ಲಲಿಲ್ಲ. ಅದು ಮುಗಿಯುತ್ತಿದ್ದ ಹಾಗೆ 1922ನೆಯ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು. ಪುಸ್ತಕದ ಅಚ್ಚುಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳು.